ಹಳೆಯ ಎಂಜಿನ್‌ಗಳಲ್ಲಿ ಹೆಡ್ಡಿಗೆ ಆಯಿಲ್ ಪೂರೈಕೆ

ಎಂಜಿನ್ನಿನ ಸಿಲಿಂಡರ್ ಹೆಡ್ಡಿನಲ್ಲಿ ಚಲಿಸುವ ರಾಕರ್, ರಾಕರ್ ಶಾಫ್ಟ್, ಪುಶ್‌ರಾಡಿನ ತುದಿ, ವಾಲ್ವ್ ಸ್ಟೆಮ್ ಮತ್ತು ವಾಲ್ವ್ ಗೈಡುಗಳಿಗೆ ಕೀಲೆಣ್ಣೆ ತಲುಪಿಸುವ ಏರ್ಪಾಡಿಗೆ ಹೆಡ್ಡಿನ ಆಯಿಲ್ ಪೂರೈಕೆ ಎನ್ನುತ್ತಾರೆ. ಗ್ಯಾರೇಜುಗಳ ಬಳಕೆಯಂತೆ ಈ ಲೇಖನದಲ್ಲಿ ಎಂಜಿನ್ನಿನ ಕೀಲೆಣ್ಣೆಯನ್ನು ಆಯಿಲ್ ಎಂದೂ ಸಿಲಿಂಡರಿನ ಮುಚ್ಚಳ ಭಾಗವನ್ನು ಹೆಡ್ ಎಂದೂ ಕರೆದಿದೆ. ಪಂಪು ಎಂಜಿನ್ನಿನ ತಳದಲ್ಲಿರುತ್ತದೆ, ಹೆಡ್ ಎಲ್ಲಕ್ಕಿಂತ ಮೇಲಿರುತ್ತದೆ. ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳು ಕುಡಿದು ಉಳಿದ ಆಯಿಲಷ್ಟೇ ಅಲ್ಲಿಗೆ ಏರಬೇಕು. ಆದ್ದರಿಂದ ಎಂಜಿನ್ ಹಳತಾದಂತೆ ಮೊದಲು ಒಣಗುವ ಜಾಗ ಹೆಡ್. ಕರ್ನಾಟಕದಲ್ಲಿ ಈ ವಿಷಯ ಮುಖ್ಯವಾಗಿ ಎನ್‌ಫೀಲ್ಡ್ ಬುಲೆಟ್, ಅಂಬಾಸಿಡರ್ ಕಾರು, ಜೀಪು ಮತ್ತು ಹೊಲಗದ್ದೆಗಳ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್‌ಗಳಿಗೆ ಸಂಬಂಧಿಸಿದೆ.

ಹುಟ್ಟು ಮತ್ತು ಬೆಳವಣಿಗೆ

20ನೇ ಶತಮಾನದ ಆರಂಭದ ಬಹುತೇಕ ಎಂಜಿನ್‌ಗಳಲ್ಲಿ ಹೆಡ್ಡಿಗೆ ಪ್ರತ್ಯೇಕ ಆಯಿಲ್ ಬೇಕಿರಲಿಲ್ಲ. ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲೇ ನಿಂತಿರುತ್ತಿದ್ದವು. ಕ್ರ್ಯಾಂಕ್‌ಕೇಸಿನಲ್ಲಿ ಚಿಮ್ಮಿ ಏಳುವ ಆಯಿಲಿನ ಮಂಜೇ ಅವುಗಳಿಗೆ ಸಾಕಾಗುತ್ತಿತ್ತು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಆಯಿಲ್ ಪಂಪೇ ಇರಲಿಲ್ಲ. ಫ್ಲೈವೀಲು ಎರಚಿದ ಆಯಿಲನ್ನು ಒಂದು ಕೊಳವೆ ಎಂಜಿನ್ನಿನ ಮುಂಭಾಗಕ್ಕೆ ಒಯ್ಯುತ್ತಿತ್ತು. ಅಂದಿನ ಅನೇಕ ಮೋಟರ್‌ಸೈಕಲ್‌ಗಳಲ್ಲಿ ಸವಾರನೇ ಕೈಪಂಪು ಒತ್ತಿ ಆಯಿಲ್ ಕೊಡಬೇಕಿತ್ತು. ಒಳಗೆ ಹೋದ ಆಯಿಲ್ ಉರಿದೋ ಸೋರಿಯೋ ಹೋಗುತ್ತಿತ್ತೇ ಹೊರತು ಟ್ಯಾಂಕಿಗೆ ಮರಳುತ್ತಿರಲಿಲ್ಲ.

ಹೆಚ್ಚಿನ ಶಕ್ತಿಗಾಗಿ ವಾಲ್ವ್‌ಗಳನ್ನು ಸಿಲಿಂಡರಿನ ನೆತ್ತಿಗೆ ಏರಿಸಿದಾಗ ತೊಡಕು ಶುರುವಾಯಿತು. ಕೆಳಗಿನ ಕ್ಯಾಮಿನ ಚಲನೆಯನ್ನು ಪುಶ್‌ರಾಡ್ ಮೇಲಕ್ಕೆ ಒಯ್ಯುತ್ತದೆ, ರಾಕರ್ ಅದನ್ನು ತಿರುಗಿಸಿ ವಾಲ್ವನ್ನು ಒತ್ತುತ್ತದೆ. ಈ ಕೀಲುಗಳೆಲ್ಲ ಉರಿಯುವ ಕೋಣೆಯ ಮೇಲೆಯೇ ಇವೆ, ಕ್ರ್ಯಾಂಕ್‌ಕೇಸಿನ ಮಂಜು ಅಲ್ಲಿಗೆ ಸಾಲುವುದಿಲ್ಲ. ಮೊದಮೊದಲು ರಾಕರುಗಳಿಗೆ ಗ್ರೀಸ್ ನಿಪ್ಪಲ್ ಇಟ್ಟರು, ಇಲ್ಲವೇ ಆಯಿಲ್ ಕ್ಯಾನಿನಿಂದ ಹನಿ ಬಿಡುತ್ತಿದ್ದರು. ಪಂಪಿನ ಒತ್ತಡದಿಂದಲೇ ಹೆಡ್ಡಿಗೆ ಆಯಿಲ್ ಏರಿಸುವ ಕ್ರಮ ಆಮೇಲೆ ಸಾರ್ವತ್ರಿಕವಾಯಿತು.

ಇಂಗ್ಲೆಂಡಿನ ಡರ್ಸ್ಲಿ ಪಟ್ಟಣದ ಲಿಸ್ಟರ್ ಕಂಪನಿ 1929ರಲ್ಲಿ ತಂದ ಸಿಎಸ್ ಎಂಜಿನ್ ಮಾತ್ರ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡಿತು. 5 ಅಶ್ವಶಕ್ತಿಯ ಈ ಎಂಜಿನ್ನು ನಿಮಿಷಕ್ಕೆ 600 ಸುತ್ತು ತಿರುಗುತ್ತಿತ್ತು. ಆಮೇಲಿನ 6 ಅಶ್ವಶಕ್ತಿಯ ಮಾದರಿಯದು 650 ಸುತ್ತು. ಇಷ್ಟು ನಿಧಾನಗತಿಗೆ ದಿನಕ್ಕೆ ನಾಲ್ಕಾರು ಹನಿ ಆಯಿಲ್ ಸಾಕಿತ್ತು. ಗುಜರಾತಿನ ರಾಜಕೋಟೆಯಲ್ಲಿ ಇದರ ನಕಲುಗಳು ದೊಡ್ಡ ಸಂಖ್ಯೆಯಲ್ಲಿ ತಯಾರಾಗಿ ನಮ್ಮ ಹಳ್ಳಿಗಳಿಗೆ ಬಂದವು.

ರಚನೆ

ಒತ್ತಡದ ಪೂರೈಕೆಯಿರುವ ಎಂಜಿನ್ನಿನಲ್ಲಿ ಆಯಿಲಿನ ದಾರಿ ಹೀಗಿದೆ. ಪಂಪು ತಳದ ಆಯಿಲ್ ತೊಟ್ಟಿಯಾದ ಸಂಪಿನಿಂದ ಆಯಿಲ್ ಎತ್ತಿ, ಫಿಲ್ಟರ್ ದಾಟಿಸಿ, ಬ್ಲಾಕಿನ ಉದ್ದಕ್ಕೂ ಕೊರೆದ ಮುಖ್ಯ ನಾಳಕ್ಕೆ ತುಂಬುತ್ತದೆ. ಅಲ್ಲಿಂದ ಕವಲುಗಳು ಕ್ರ್ಯಾಂಕ್‌ಶಾಫ್ಟ್ ಮತ್ತು ಕ್ಯಾಮ್‌ಶಾಫ್ಟಿನ ಬೇರಿಂಗುಗಳಿಗೆ ಹೋಗುತ್ತವೆ. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನು ಬ್ರಿಟನ್ನಿನ ಬಿಎಂಸಿ ವಿನ್ಯಾಸದ್ದು. ಅದರಲ್ಲಿ ಕ್ಯಾಮ್‌ಶಾಫ್ಟಿನ ಒಂದು ಬೇರಿಂಗನ್ನು ಹಾದ ಆಯಿಲ್ ಬ್ಲಾಕು, ಗ್ಯಾಸ್ಕೆಟ್, ಹೆಡ್ ಮೂರನ್ನೂ ದಾಟಿ ರಾಕರ್ ಶಾಫ್ಟನ್ನು ಹಿಡಿದಿರುವ ಒಂದು ಕಂಬದೊಳಗಿನ ರಂಧ್ರದಿಂದ ಟೊಳ್ಳು ಶಾಫ್ಟಿಗೆ ಸೇರುತ್ತದೆ. ಶಾಫ್ಟಿನ ಸಣ್ಣ ತೂತುಗಳಿಂದ ಜಿನುಗಿ ಪ್ರತಿ ರಾಕರಿನ ಬುಶ್ಶನ್ನು ನೆನೆಸುತ್ತದೆ. ಬಳಿಕ ವಾಲ್ವ್ ಸ್ಪ್ರಿಂಗುಗಳ ಮೇಲೆ ಚೆಲ್ಲಿ, ಪುಶ್‌ರಾಡಿನ ಸಂದುಗಳಿಂದ ಕೆಳಗಿಳಿದು, ಕ್ಯಾಮ್ ಮತ್ತು ಪುಶ್‌ರಾಡಿನ ನಡುವಿನ ಟ್ಯಾಪೆಟ್ಟುಗಳನ್ನು ತೋಯಿಸಿ ಸಂಪಿಗೆ ಮರಳುತ್ತದೆ.

ರಾಕರನ್ನು ಒಂದು ತುದಿಯಲ್ಲಿ ಪುಶ್‌ರಾಡೂ ಇನ್ನೊಂದು ತುದಿಯಲ್ಲಿ ವಾಲ್ವ್ ಸ್ಪ್ರಿಂಗೂ ಮೇಲಕ್ಕೆ ದೂಡುತ್ತವೆ. ಹೀಗಾಗಿ ಭಾರವೆಲ್ಲ ಶಾಫ್ಟಿನ ಅಡಿಭಾಗದ ಮೇಲೆ ಬೀಳುತ್ತದೆ, ಸವೆತವೂ ಅಲ್ಲೇ. ಹಳೆಯ ಶಾಫ್ಟನ್ನು ಕಳಚಿ ಅಡಿಭಾಗಕ್ಕೆ ಉಗುರು ತಾಗಿಸಿದರೆ ರಾಕರ್ ಕೂತಿದ್ದ ಕಡೆಯಲ್ಲೆಲ್ಲ ಮೆಟ್ಟಿಲು ಸಿಗುತ್ತದೆ. ಬಹುತೇಕ ವಿನ್ಯಾಸಗಳಲ್ಲಿ ಶಾಫ್ಟಿನ ಆಯಿಲ್ ತೂತುಗಳು ಕೆಳಮುಖವಾಗಿರುವುದು ಈ ಭಾರ ಹೊರುವ ಜಾಗಕ್ಕೆ ಮೊದಲು ಆಯಿಲ್ ಸಿಗಲೆಂದೇ.

ಕಬ್ಬಿಣದ ಸಿಲಿಂಡರಿನ ಬುಲೆಟ್‌ನ ರಚನೆ ಬೇರೆ. ಮದ್ರಾಸಿನಲ್ಲಿ 1955ರಲ್ಲಿ ಸ್ಥಾಪನೆಯಾದ ಎನ್‌ಫೀಲ್ಡ್ ಇಂಡಿಯಾ ಕಂಪನಿ ತಯಾರಿಸಿದ 346 ಸಿಸಿ ಬುಲೆಟ್‌ನಲ್ಲಿ ಆಯಿಲ್ ಟ್ಯಾಂಕು ಕ್ರ್ಯಾಂಕ್‌ಕೇಸಿನ ಎರಕದಲ್ಲೇ ಇದೆ. ಟೈಮಿಂಗ್ ಕವರಿನೊಳಗೆ ಪ್ಲಂಜರ್ ಮಾದರಿಯ ಎರಡು ಪುಟ್ಟ ಪಂಪುಗಳಿವೆ: ಒಂದು ಟ್ಯಾಂಕಿನಿಂದ ಆಯಿಲ್ ಎತ್ತಿ ಎಂಜಿನ್ನಿಗೆ ಕೊಡುತ್ತದೆ, ಇನ್ನೊಂದು ತಳದಲ್ಲಿ ಸೇರಿದ ಆಯಿಲನ್ನು ಟ್ಯಾಂಕಿಗೆ ಹಿಂದಿರುಗಿಸುತ್ತದೆ. ಕ್ರ್ಯಾಂಕ್‌ಶಾಫ್ಟಿನ ತುದಿಯ ವರ್ಮ್ ಗೇರು ಇವನ್ನು ನಡೆಸುತ್ತದೆ. ಪಂಪಿನ ಬಿಲ್ಲೆಗಳು ಸ್ಪ್ರಿಂಗಿನ ಒತ್ತಡದಲ್ಲಿ ಕವರಿನ ನುಣುಪು ಮುಖದ ಮೇಲೆ ಅತ್ತಿತ್ತ ಓಲಾಡುತ್ತ ರಂಧ್ರಗಳನ್ನು ತೆರೆದು ಮುಚ್ಚುತ್ತವೆ. ಹೆಡ್ಡಿಗೆ ಹೋಗುವ ಆಯಿಲ್ ಹೊರಗಡೆ ಕಾಣುವ ತೆಳ್ಳನೆಯ ಪೈಪಿನಲ್ಲಿ ಏರಿ, ಎರಡಾಗಿ ಕವಲೊಡೆದು, ಟೊಳ್ಳಾದ ಬ್ಯಾಂಜೋ ಬೋಲ್ಟುಗಳ ಮೂಲಕ ಎರಡೂ ರಾಕರುಗಳಿಗೆ ಇಳಿಯುತ್ತದೆ. ಪೂರೈಕೆಯ ದಾರಿ ಕಣ್ಣಿಗೆ ಕಾಣುವುದು ಈ ಎಂಜಿನ್ನಿನ ದೊಡ್ಡ ಅನುಕೂಲ.

ಬಗೆಗಳು

ಹೆಡ್ಡಿಗೆ ಆಯಿಲ್ ಮುಟ್ಟುವ ರೀತಿಯಲ್ಲಿ ಹಳೆಯ ಎಂಜಿನ್‌ಗಳು ಐದು ಬಗೆ.

ಕೈಯಿಂದ ಹನಿಸುವ ಬಗೆಗೆ ಲಿಸ್ಟರ್ ಮಾದರಿಯೇ ಉದಾಹರಣೆ. ಇದರ ರಾಕರುಗಳು ತೆರೆದೇ ಇರುತ್ತವೆ, ದಿನವೂ ಎಂಜಿನ್ ಹೊರಡಿಸುವ ಮುನ್ನ ಆಯಿಲ್ ಕ್ಯಾನಿನಿಂದ ರಾಕರಿಗೂ ಪುಶ್‌ರಾಡಿನ ತುದಿಗೂ ಹನಿ ಬಿಡಬೇಕು. ಮಂಜಿನಿಂದ ನೆನೆಯುವ ಬಗೆ ಪಕ್ಕದ ವಾಲ್ವಿನ ಎಂಜಿನ್‌ಗಳದು. ಒಳನಾಳದ ಒತ್ತಡದ ಬಗೆಗೆ ಅಂಬಾಸಿಡರ್, 1089 ಸಿಸಿ ಫಿಯಟ್ ಹಾಗೂ ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟಾಂಡರ್ಡ್ ಹೆರಾಲ್ಡ್ ಸೇರುತ್ತವೆ. ಹೊರಪೈಪಿನ ಬಗೆ ಬುಲೆಟ್‌ನದು. ಮಹೀಂದ್ರಾ ಜೀಪಿನ 2.2 ಲೀಟರ್ ಹರಿಕೇನ್ ಎಂಜಿನ್ನು ಹೆಡ್ಡಿನ ವಾಲ್ವ್ ಮತ್ತು ಪಕ್ಕದ ವಾಲ್ವ್ ಎರಡರ ಮಿಶ್ರಣ: ಗಾಳಿ ಒಳಬಿಡುವ ವಾಲ್ವ್ ಹೆಡ್ಡಿನಲ್ಲಿದೆ, ಹೊಗೆ ಬಿಡುವ ವಾಲ್ವ್ ಬ್ಲಾಕಿನಲ್ಲಿದೆ.

ಐದನೆಯದು ಪೆಟ್ರೋಲಿನಲ್ಲೇ ಆಯಿಲ್ ಬೆರೆಸುವ ಟೂ-ಸ್ಟ್ರೋಕ್ ಬಗೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೊದಲು ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ತಯಾರಿಸಿದ 250 ಸಿಸಿ ಬೈಕುಗಳು ಈ ಬಗೆಯವು. ಇವುಗಳಲ್ಲಿ ವಾಲ್ವೂ ಇಲ್ಲ, ರಾಕರೂ ಇಲ್ಲ. ಪಿಸ್ಟನ್ನು, ಸಿಲಿಂಡರಿನ ಗೋಡೆ, ಕನೆಕ್ಟಿಂಗ್ ರಾಡಿನ ಮೇಲ್ತುದಿಗೆ ಪೆಟ್ರೋಲಿನೊಂದಿಗೆ ಬಂದ ಆಯಿಲೇ ಗತಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಹುದೂರ ಇಳಿದರೆ ಪೆಟ್ರೋಲಿನ ಜೊತೆ ಆಯಿಲೂ ನಿಂತು ಪಿಸ್ಟನ್ ಒಣಗುತ್ತದೆ. ನಡುನಡುವೆ ಆಕ್ಸಿಲರೇಟರ್ ತುಸು ಕೊಡುವುದು ಇದಕ್ಕಿರುವ ಪರಿಹಾರ.

ಹರಿವು ಕುಗ್ಗಲು ಕಾರಣಗಳು

ಎರಡು ಭೌತಿಕ ನಿಯಮಗಳನ್ನು ಅರಿತರೆ ಕಾರಣಗಳು ತಾವಾಗಿ ತಿಳಿಯುತ್ತವೆ. ಒಂದೇ ಒತ್ತಡದಲ್ಲಿ ಕಿರಿದಾದ ನಾಳದೊಳಗೆ ಹರಿಯುವ ಆಯಿಲಿನ ಪ್ರಮಾಣ ನಾಳದ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಜಿಡ್ಡು ಕಟ್ಟಿ ವ್ಯಾಸ ಅರ್ಧಕ್ಕಿಳಿದರೆ ಹರಿವು ಅರ್ಧವಾಗುವುದಿಲ್ಲ, 16ರಲ್ಲಿ 1 ಪಾಲಿಗೆ ಇಳಿಯುತ್ತದೆ. ಬೇರಿಂಗಿನ ಸಂದಿನಿಂದ ಸೋರುವ ಆಯಿಲು ಸಂದಿನ ಅಗಲದ ಮೂರನೆಯ ಘಾತವನ್ನು ಅನುಸರಿಸುತ್ತದೆ. ಸವೆದು ಸಂದು ಇಮ್ಮಡಿಯಾದರೆ ಸೋರಿಕೆ 8 ಪಟ್ಟು. ಹಳೆಯ ಎಂಜಿನ್ನಿನಲ್ಲಿ ಇವೆರಡೂ ಒಟ್ಟಿಗೇ ನಡೆಯುತ್ತವೆ: ಮೇಲಕ್ಕೆ ಹೋಗುವ ದಾರಿ ಕಟ್ಟುತ್ತದೆ, ಕೆಳಗಿನ ಬೇರಿಂಗುಗಳು ಬಾಯಿ ತೆರೆಯುತ್ತವೆ.

ಕ್ಯಾಮ್‌ಶಾಫ್ಟ್ ಬೇರಿಂಗಿನ ಮೂಲಕ ಹೆಡ್ಡಿಗೆ ಆಯಿಲ್ ಹೋಗುವ ವಿನ್ಯಾಸದಲ್ಲಿ ಆ ಬೇರಿಂಗು ಸವೆಯಿತೆಂದರೆ ಬರಬೇಕಾದ ಆಯಿಲ್ ದಾರಿಯಲ್ಲೇ ಸಂಪಿಗೆ ಇಳಿದುಹೋಗುತ್ತದೆ. ಮುಖ್ಯ ನಾಳಕ್ಕೆ ಕೂಡಿಸಿದ ಪ್ರೆಶರ್ ಗೇಜು ಆಗಲೂ ಸಮಾಧಾನಕರ ಅಂಕಿ ತೋರಬಹುದು. ಗೇಜು ಅಳೆಯುವುದು ಒತ್ತಡವನ್ನು, ಹೆಡ್ಡಿಗೆ ಬೇಕಿರುವುದು ಹರಿವು. ಗೇಜನ್ನು ನಂಬಿ ರಾಕರ್ ಕವರ್ ತೆರೆಯದೆ ಬಿಡುವುದರಿಂದ ಹೆಡ್ ಹಾಳಾಗುವುದು ಸಾಮಾನ್ಯ.

ಜೋಡಣೆಯ ತಪ್ಪುಗಳೂ ಅಷ್ಟೇ ಮುಖ್ಯ. ಆಯಿಲ್ ತೂತಿಲ್ಲದ ಅಥವಾ ತೂತು ಕೂಡದ ಗ್ಯಾಸ್ಕೆಟ್, ತಿರುಗುಮುರುಗಾಗಿ ಕೂರಿಸಿದ ರಾಕರ್ ಶಾಫ್ಟ್, ಸ್ಥಾನ ಬದಲಾದ ಕಂಬ, ನಾಳದ ಬಾಯಿಗೆ ಹಿಂಡಿಕೊಂಡ ಸೀಲಂಟ್ ಇವುಗಳಲ್ಲಿ ಯಾವುದೇ ಒಂದಾದರೂ ಹೊಸದಾಗಿ ಕಟ್ಟಿದ ಎಂಜಿನ್ನಿನ ಹೆಡ್ ಕೂಡ ಒಣಗುತ್ತದೆ. ಬುಲೆಟ್‌ನಲ್ಲಿ ಬ್ಯಾಂಜೋ ಬೋಲ್ಟನ್ನು ಅತಿಯಾಗಿ ಬಿಗಿದು ಕೆಡಿಸುವುದು, ಪಂಪಿನ ಬಿಲ್ಲೆಯ ಮುಖದಲ್ಲಿ ಗೀರು ಬೀಳುವುದು, ಟೈಮಿಂಗ್ ಕವರಿನ ಗ್ಯಾಸ್ಕೆಟ್ ರಂಧ್ರಕ್ಕೆ ಅಡ್ಡ ಬರುವುದು ಪದೇ ಪದೇ ಕಾಣುವ ದೋಷಗಳು.

ಲಕ್ಷಣ ಮತ್ತು ಪರೀಕ್ಷೆ

ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಟಕಟಕ ಸದ್ದು, ಹೊಂದಿಸಿದ ಟ್ಯಾಪೆಟ್ ಅಂತರ ಸ್ವಲ್ಪ ದಿನಕ್ಕೇ ಹೆಚ್ಚುವುದು, ರಾಕರಿನ ತುದಿ ಶಾಖಕ್ಕೆ ನೀಲಿಗಟ್ಟುವುದು, ಸ್ಪ್ರಿಂಗುಗಳ ಮೇಲೆ ಕೆಂಪು ತುಕ್ಕು ಕಾಣುವುದು ಹೆಡ್ ಒಣಗಿದ ಲಕ್ಷಣಗಳು. ಕಬ್ಬಿಣದ ಬುಲೆಟ್‌ನಲ್ಲಿ ಎಂಜಿನ್ ತಣ್ಣಗಿರುವಾಗ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆಕೆಳಗೆ ಆಡಬಾರದು. ಈ ಹೊಂದಿಕೆ ಪದೇ ಪದೇ ತಪ್ಪುತ್ತಿದ್ದರೆ ಮೊದಲ ಅನುಮಾನ ಆಯಿಲಿನ ಮೇಲೆಯೇ ಹೋಗಬೇಕು.

ಕಾರಿನಲ್ಲಿ ಪರೀಕ್ಷೆ ಸರಳ. ರಾಕರ್ ಕವರ್ ತೆಗೆದು, ಎಂಜಿನ್ನನ್ನು ಐಡ್ಲಿಂಗಿನಲ್ಲಿ ಬಿಟ್ಟು, ಪ್ರತಿ ರಾಕರಿನ ಬದಿಯಿಂದಲೂ ಆಯಿಲ್ ಜಿನುಗುತ್ತಿದೆಯೇ ಎಂದು ನೋಡಬೇಕು. ಒಂದೆರಡು ರಾಕರ್ ಮಾತ್ರ ಒಣಗಿದ್ದರೆ ದೋಷ ಶಾಫ್ಟಿನ ತೂತಿನದು, ಎಲ್ಲವೂ ಒಣಗಿದ್ದರೆ ಕೆಳಗಿನ ದಾರಿಯದು. ಬುಲೆಟ್‌ನಲ್ಲಿ ಎರಡು ಪರೀಕ್ಷೆಗಳಿವೆ. ಆಯಿಲ್ ತುಂಬುವ ಬಾಯಿಯ ಮುಚ್ಚಳ ತೆಗೆದರೆ ಮರಳಿ ಬರುವ ಆಯಿಲ್ ಕಾಣಬೇಕು. ಐಡ್ಲಿಂಗಿನಲ್ಲಿರುವಾಗ ರಾಕರ್ ಪೈಪಿನ ಬ್ಯಾಂಜೋ ಬೋಲ್ಟನ್ನು ತುಸು ಸಡಿಲಿಸಿದರೆ ಅಲ್ಲಿ ಆಯಿಲ್ ಒಸರಬೇಕು. ಮೊದಲನೆಯದು ವಾಪಸಾತಿ ಪಂಪಿನ ಕೆಲಸವನ್ನಷ್ಟೇ ಸಾಬೀತು ಮಾಡುತ್ತದೆ, ಎರಡನೆಯದಿಲ್ಲದೆ ಪರೀಕ್ಷೆ ಪೂರ್ಣವಾಗದು.

ಸುಧಾರಣೆಯ ವಿಧಾನಗಳು

ಸುಧಾರಣೆಯ ಮೊದಲ ಹೆಜ್ಜೆ ಶುಚಿ. ರಾಕರ್ ಶಾಫ್ಟಿನ ಎರಡು ತುದಿಯ ಬಿರಡೆಗಳನ್ನು ತೆಗೆದು, ಒಳಗಿನ ಕಪ್ಪು ಜಿಡ್ಡನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿಯಿಂದ ಕೆರೆದು, ಕಂಪ್ರೆಸರ್ ಗಾಳಿ ಹಾಯಿಸಬೇಕು. ಬಿರಡೆ ತೆಗೆಯದೆ ಹೊರಗಿನಿಂದಷ್ಟೇ ತೊಳೆದ ಶಾಫ್ಟಿನಲ್ಲಿ ಕೊನೆಯ ರಾಕರಿನ ತೂತು ಕಟ್ಟಿಕೊಂಡೇ ಉಳಿಯುವುದುಂಟು. ಬ್ಲಾಕು ಮತ್ತು ಹೆಡ್ಡಿನ ನಾಳಗಳಿಗೂ ಇದೇ ಕ್ರಮ.

ಎರಡನೆಯದು ಸೋರಿಕೆ ತಡೆಯುವುದು. ಸವೆದ ಕ್ಯಾಮ್ ಬೇರಿಂಗ್, ರಾಕರ್ ಬುಶ್, ಶಾಫ್ಟ್ ಬದಲಿಸಿದರೆ ಹಳೆಯ ಪಂಪೇ ಸಾಕಷ್ಟು ಆಯಿಲ್ ಮೇಲೇರಿಸುವುದು ಕಂಡುಬರುತ್ತದೆ. ಮೂರನೆಯದು ಪಂಪಿನ ದುರಸ್ತಿ. ಗೇರ್ ಪಂಪಿನಲ್ಲಿ ಮುಚ್ಚಳದ ಗೀರುಗಳನ್ನು ಗಾಜಿನ ಹಲಗೆಯ ಮೇಲಿಟ್ಟ ನಯವಾದ ಎಮರಿ ಕಾಗದದಲ್ಲಿ ತಿಕ್ಕಿ ಸಮ ಮಾಡುತ್ತಾರೆ. ಬುಲೆಟ್‌ನಲ್ಲಿ ಬಿಲ್ಲೆಯನ್ನು ಕವರಿನ ಮುಖದ ಮೇಲೆ ಲೋಹ ಹೊಳಪಿಸುವ ಪೇಸ್ಟಿನೊಂದಿಗೆ ತಿರುಗಿಸುತ್ತ ಕೂರಿಸುತ್ತಾರೆ. ಇಡೀ ಮುಖದಲ್ಲಿ ಒಂದೇ ಬೂದುಬಣ್ಣ ಬಂದಾಗ ಬಿಲ್ಲೆ ಕೂತಿತೆಂದು ಅರ್ಥ. ಪೇಸ್ಟಿನ ಒಂದು ಕಣವೂ ಉಳಿಯದಂತೆ ತೊಳೆಯುವುದು ಉಜ್ಜುವ ಕೆಲಸದಷ್ಟೇ ಮುಖ್ಯ. ಹೆಚ್ಚು ಆಯಿಲ್ ಎತ್ತುವ ದೊಡ್ಡ ಪ್ಲಂಜರಿನ ಪಂಪುಗಳೂ ಬುಲೆಟ್‌ಗೆ ಸಿಗುತ್ತವೆ. ಕೊಡುವ ಪಂಪನ್ನು ದೊಡ್ಡದು ಮಾಡಿದರೆ ವಾಪಸಾತಿ ಪಂಪನ್ನೂ ದೊಡ್ಡದು ಮಾಡಲೇಬೇಕು. ಇಲ್ಲವಾದರೆ ಕ್ರ್ಯಾಂಕ್‌ಕೇಸಿನಲ್ಲಿ ಆಯಿಲ್ ತುಂಬಿ ಹೊಗೆ ಬರುತ್ತದೆ.

ನಾಲ್ಕನೆಯದು ಹೊರಪೈಪು ಸೇರಿಸುವುದು. ಹೆರಾಲ್ಡ್ ಮುಂತಾದ ಟ್ರಯಂಫ್ ವಿನ್ಯಾಸದ ಎಂಜಿನ್‌ಗಳಲ್ಲಿ ಬ್ಲಾಕಿನ ಮುಖ್ಯ ನಾಳದ ಬಿರಡೆ ತೆಗೆದು, ಅಲ್ಲಿಂದ ಹೆಡ್ಡಿನ ಹಿಂಬದಿಗೆ ನೇರ ಪೈಪು ಜೋಡಿಸುವ ಕಿಟ್ ಪ್ರಸಿದ್ಧವಾಗಿದೆ. ಕ್ಯಾಮ್ ಬೇರಿಂಗಿನ ಇಕ್ಕಟ್ಟಿನ ದಾರಿಯನ್ನು ಬಿಟ್ಟು ಆಯಿಲ್ ನೇರವಾಗಿ ಮೇಲೇರುತ್ತದೆ, ರಾಕರುಗಳ ಸದ್ದು ಕೂಡಲೇ ತಗ್ಗುತ್ತದೆ. ಆದರೆ ಇದಕ್ಕೆ ಬೆಲೆಯೂ ಇದೆ. ಮೇಲೆ ಹೆಚ್ಚಾಗಿ ಹೋದ ಆಯಿಲ್ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳ ಪಾಲಿನಿಂದಲೇ ಕಡಿತವಾಗುತ್ತದೆ. ಸವೆದ ವಾಲ್ವ್ ಗೈಡುಗಳಿಂದ ಅದು ಸಿಲಿಂಡರಿಗಿಳಿದು ನೀಲಿ ಹೊಗೆಯಾಗುತ್ತದೆ. ಆದ್ದರಿಂದ ಪೈಪಿನ ಬಾಯಿಗೆ ಕಿರುತೂತಿನ ತಡೆ ಹಾಕುವುದು, ವಾಲ್ವ್ ಸೀಲ್ ಬದಲಿಸುವುದು, ಆಯಿಲ್ ಕೆಳಗಿಳಿಯುವ ರಂಧ್ರಗಳನ್ನು ತೆರವು ಮಾಡುವುದು ಇದರೊಂದಿಗೇ ಆಗಬೇಕು. ಸೋರಿಕೆ ನಿಲ್ಲಿಸದೆ ಪೈಪು ಮಾತ್ರ ಸೇರಿಸುವುದು ತಪ್ಪು ಚಿಕಿತ್ಸೆ. ರಾಕರ್ ಉಳಿಯುತ್ತದೆ, ಅದಕ್ಕಿಂತ ದುಬಾರಿಯಾದ ಕ್ರ್ಯಾಂಕ್‌ಶಾಫ್ಟ್ ಹೋಗುತ್ತದೆ.

ಲಿಸ್ಟರ್ ಮಾದರಿಯಲ್ಲಿ ಮಾಡಬಹುದಾದ ಸುಧಾರಣೆ ಸಣ್ಣದು. ರಾಕರಿನ ಮೇಲೆ ಬತ್ತಿಯಿಂದ ಹನಿಯುವ ಆಯಿಲ್ ಬಟ್ಟಲು ಇಟ್ಟರೆ ದಿನವಿಡೀ ಸಮನಾಗಿ ಆಯಿಲ್ ಸಿಗುತ್ತದೆ. ಧೂಳು ಕೂರದಂತೆ ತಗಡಿನ ಮುಚ್ಚಳ ಹಾಕುವುದೂ ಉಪಯುಕ್ತ.

ಯಾವುದೇ ದುರಸ್ತಿಯ ಬಳಿಕ ಎಂಜಿನ್ನನ್ನು ಒಮ್ಮೆಲೇ ಹೊರಡಿಸಬಾರದು. ರಾಕರುಗಳಿಗೆ ಕೈಯಿಂದ ಆಯಿಲ್ ಹಾಕಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಹೆಡ್ಡಿನಲ್ಲಿ ಆಯಿಲ್ ಕಾಣುವವರೆಗೆ ತಿರುಗಿಸಬೇಕು.

ಆಯಿಲಿನ ಆಯ್ಕೆ

ಬುಲೆಟ್ ಮತ್ತು ಅಂಬಾಸಿಡರ್‌ಗೆ 20ಡಬ್ಲ್ಯು-50 ದರ್ಜೆಯ ಆಯಿಲ್ ರೂಢಿಯಲ್ಲಿದೆ. ಲಿಸ್ಟರ್ ಮಾದರಿಗೆ 30 ಅಥವಾ 40ರ ಏಕದರ್ಜೆಯ ಆಯಿಲ್ ಸಲ್ಲುತ್ತದೆ. ಸದ್ದು ಅಡಗಲೆಂದು ಇನ್ನೂ ದಪ್ಪನೆಯ ಆಯಿಲ್ ಹಾಕುವ ಅಭ್ಯಾಸ ಹೆಡ್ಡಿಗೆ ಒಳ್ಳೆಯದಲ್ಲ. ದಪ್ಪ ಇಮ್ಮಡಿಯಾದರೆ ಅದೇ ಒತ್ತಡದಲ್ಲಿ ಸಣ್ಣ ನಾಳದ ಹರಿವು ಅರ್ಧವಾಗುತ್ತದೆ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಹೆಡ್ ಇನ್ನಷ್ಟು ಹೊತ್ತು ಒಣಗಿರುತ್ತದೆ. ಕೊಳೆ ತೊಳೆಯುವ ಗುಣವಿಲ್ಲದ ಹಳೆಯ ಬಗೆಯ ಆಯಿಲಿನಲ್ಲಿ ದಶಕಗಟ್ಟಲೆ ಓಡಿದ ಎಂಜಿನ್ನಿಗೆ ಏಕಾಏಕಿ ಹೊಸ ಬಗೆಯದನ್ನು ಹಾಕಿದರೆ ಸಡಿಲಾದ ಜಿಡ್ಡು ಹೋಗಿ ನಾಳವನ್ನೇ ಕಟ್ಟಬಹುದು. ಅಂಥ ಎಂಜಿನ್ನಿನ ಸಂಪು ಕಳಚಿ ತೊಳೆದ ಮೇಲೆಯೇ ಆಯಿಲ್ ಬದಲಿಸಬೇಕು. ಮೊದಲ ಮಹಾಯುದ್ಧದ ಕಾಲದ ವಿಮಾನಗಳ ಎಂಜಿನ್‌ಗಳಿಗೆ ಹರಳೆಣ್ಣೆ ಹಾಕುತ್ತಿದ್ದರು. ಅದು ಲೋಹಕ್ಕೆ ಚೆನ್ನಾಗಿ ಅಂಟುತ್ತದೆ, ಆದರೆ ಅಂಟುಜಿಡ್ಡನ್ನೂ ಉಳಿಸುತ್ತದೆ. ಖನಿಜ ಮೂಲದ ಆಯಿಲಿನೊಂದಿಗೆ ಅದನ್ನು ಬೆರೆಸಬಾರದು.

ಕೊಳ್ಳೇಗಾಲ ಸೀಮೆಯಲ್ಲಿ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಲ್ಲಿ ಹಳೆಯ ಎಂಜಿನ್‌ಗಳ ಹೆಡ್ಡಿಗೆ ಎರಡು ಬಗೆಯ ಕಷ್ಟಗಳು ಎದುರಾಗುತ್ತವೆ. ಒಂದು ನೀರು. ಮುಳ್ಳೂರು, ದಾಸನಪುರ, ಹರಳೆ, ಹಳೇ ಹಂಪಾಪುರ ಮೊದಲಾದ ಊರುಗಳು ಕಾವೇರಿಯ ದಡದಲ್ಲಿವೆ. ಕೃಷ್ಣರಾಜಸಾಗರ ಮತ್ತು ಕಬಿನಿಯಿಂದ ಹೆಚ್ಚು ನೀರು ಬಿಟ್ಟಾಗ ಇಲ್ಲಿನ ಜಮೀನುಗಳು ಮುಳುಗುತ್ತವೆ, 2018ರ ಆಗಸ್ಟಿನಲ್ಲಿಯೂ ಹೀಗಾಯಿತು. ಮುಳುಗಿದ ಎಂಜಿನ್ನಿನ ಆಯಿಲಿಗೆ ನೀರು ಸೇರಿದರೆ ಅದು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿ ಮಡ್ಡಿಯಾಗುತ್ತದೆ. ಹೊಳೆಯ ಹೂಳೂ ಸೇರಿ ಮೊದಲು ಕಟ್ಟಿಕೊಳ್ಳುವುದು ಹೆಡ್ಡಿಗೆ ಏರುವ ಸಣ್ಣ ನಾಳಗಳೇ. ಇಂಥ ಎಂಜಿನ್ನನ್ನು ಒಣಗಿತೆಂದು ಹೊರಡಿಸದೆ, ಆಯಿಲ್ ಪೂರ್ತಿ ಬಸಿದು, ಸಂಪು ಮತ್ತು ರಾಕರುಗಳನ್ನು ಕಳಚಿ ತೊಳೆದು, ಹೊಸ ಆಯಿಲ್ ತುಂಬಿ, ಕೆಲ ಗಂಟೆ ಓಡಿಸಿದ ಮೇಲೆ ಅದನ್ನೂ ಬದಲಿಸಬೇಕು.

ಇನ್ನೊಂದು ಶಾಖ. ಕೊಳ್ಳೇಗಾಲದಿಂದ ಹನೂರು ದಾಟಿ ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ಘಾಟಿ ರಸ್ತೆಯಲ್ಲಿ ಗಾಡಿ ಕೆಳಗಿನ ಗೇರಿನಲ್ಲೇ ಬಹಳ ಹೊತ್ತು ಸಾಗುತ್ತದೆ. ಗಾಳಿಯಿಂದ ತಣಿಯುವ ಬುಲೆಟ್ ಎಂಜಿನ್ನಿಗೆ ವೇಗ ಕಡಿಮೆಯಾದಷ್ಟೂ ತಂಪು ಕಡಿಮೆ. ಆಯಿಲ್ ತೆಳುವಾಗುತ್ತದೆ, ಸವೆದ ಸಂದುಗಳಿಂದ ಹೆಚ್ಚು ಸೋರುತ್ತದೆ, ಬಯಲಿನಲ್ಲಿ ಅಡಗಿದ್ದ ಟ್ಯಾಪೆಟ್ ಸದ್ದು ಬೆಟ್ಟದಲ್ಲಿ ಹೊರಬೀಳುತ್ತದೆ. ಬೆಟ್ಟದ ತಳದಲ್ಲಿ ಆಯಿಲ್ ಮಟ್ಟ ನೋಡಿ ಹೊರಡುವುದು, ಏರಿನ ನಡುವೆ ಎಂಜಿನ್ ನಿಲ್ಲಿಸಿ ತಣಿಸಿಕೊಳ್ಳುವುದು ತಕ್ಷಣದ ಉಪಾಯ.

ಇಂದಿನ ಸ್ಥಿತಿ

ಡರ್ಸ್ಲಿಯಲ್ಲಿ ಲಿಸ್ಟರ್ ಸಿಎಸ್ ತಯಾರಿಕೆ 1987ರಲ್ಲಿ ನಿಂತಿತು. ಅಂಬಾಸಿಡರ್ 2014ರಲ್ಲಿ ನಿಂತಿತು. ಬುಲೆಟ್‌ನ ಕಬ್ಬಿಣದ ಎಂಜಿನ್ನಿನ ಸ್ಥಾನಕ್ಕೆ 2009ರ ಸುಮಾರಿಗೆ ಬಂದ ಹೊಸ ಎಂಜಿನ್ನಿನಲ್ಲಿ ಹೈಡ್ರಾಲಿಕ್ ಟ್ಯಾಪೆಟ್ಟುಗಳಿದ್ದು, ಅವು ಆಯಿಲಿನ ಒತ್ತಡದಿಂದಲೇ ಅಂತರವನ್ನು ಸರಿಪಡಿಸಿಕೊಳ್ಳುತ್ತವೆ. ಜಾವಾ ಹೆಸರು 2018ರಲ್ಲಿ ಮರಳಿ ಬಂತು. ಆ ಬೈಕಿನ 293 ಸಿಸಿ ಎಂಜಿನ್ನು ಫೋರ್-ಸ್ಟ್ರೋಕ್ ಆದ್ದರಿಂದ ಅದರ ಹೆಡ್ಡಿಗೂ ಪಂಪೇ ಆಯಿಲ್ ಕೊಡುತ್ತದೆ.

ಹಳೆಯ ವಾಹನಗಳ ಸಂಗ್ರಹವನ್ನು ಕರ್ನಾಟಕದಲ್ಲಿ ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಲ್ಲಿಯೂ ನೋಡಬಹುದು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ಎರಡು ಮತ್ತು ನಾಲ್ಕು ಚಕ್ರದ ವಾಹನಗಳು ವಿಂಟೇಜ್ ಎನಿಸುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದ್ದು, ನಂಬರಿನಲ್ಲಿ ರಾಜ್ಯದ ಸಂಕೇತದ ಬಳಿಕ ‘ವಿಎ’ ಅಕ್ಷರಗಳು ಬರುತ್ತವೆ. ವಾಹನ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಇರಬಾರದು ಎಂಬುದು ಇದರ ಷರತ್ತು. ಈ ಕಾರಣಕ್ಕೆ ಹೆಡ್ಡಿಗೆ ಆಯಿಲ್ ಹೆಚ್ಚಿಸುವಾಗ ಬ್ಲಾಕು ಅಥವಾ ಹೆಡ್ಡನ್ನು ಹೊಸದಾಗಿ ಕೊರೆಯದೆ, ಬೇಕೆಂದಾಗ ಕಳಚಬಹುದಾದ ಜೋಡಣೆಗಳನ್ನೇ ಆರಿಸಬೇಕು. ತೆಗೆದ ಮೂಲ ಪಂಪು, ಬಿರಡೆ, ಪೈಪುಗಳನ್ನು ಗುಜರಿಗೆ ಹಾಕದೆ ವಾಹನದೊಂದಿಗೇ ಕಾಪಿಡಬೇಕು.